ಒಂದೇ ಮನೆಯಲ್ಲಿ ಬೆಳೆದ ಅತ್ತೆಯ ಮಗನನ್ನು ಮದುವೆಯಾಗಲು ಮನಸ್ಸು ಒಪ್ಪದಿರುವುದಕ್ಕೆ ಜೀವವಿಕಾಸದಲ್ಲಿ ಕಾರಣವಿದೆಯೇ?

ಪ್ರಶ್ನೆ: ‘ತೋಟದಮನೆ’

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಕಡೆಯವಳು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವಯಸ್ಸು 27. ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿರುವ ಒಂದು ವಿಷಯವನ್ನು ಮನೆಯ ಜಗಳವೆಂದು ಹೇಳಿಕೊಳ್ಳದೆ, ತಿಳಿದುಕೊಳ್ಳಬೇಕಾದ ಪ್ರಶ್ನೆಯೆಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ನಮ್ಮ ತಂದೆಯ ಅಕ್ಕ, ಅಂದರೆ ನನ್ನ ಸೋದರತ್ತೆ, ಗಂಡನನ್ನು ಕಳೆದುಕೊಂಡು ಎರಡು ವರ್ಷದ ಮಗನೊಂದಿಗೆ ತವರಿಗೆ ಬಂದಾಗ ನಾನು ಮೂರು ತಿಂಗಳ ಕೂಸು. ಅಂದಿನಿಂದ ಅವನೂ ನಾನೂ ಒಂದೇ ಸೂರಿನಡಿ ಬೆಳೆದೆವು. ಬೇಸಿಗೆಯ ರಾತ್ರಿ ಕರೆಂಟು ಹೋದಾಗ ಅತ್ತೆ ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು, ಒಂದೇ ತಟ್ಟೆಯಲ್ಲಿ ಕಲಸಿದ ಸಾರನ್ನವನ್ನು ಅವನಿಗೊಂದು ತುತ್ತು, ನನಗೊಂದು ತುತ್ತು ಎಂದು ಕೈತುತ್ತು ಹಾಕುತ್ತಿದ್ದರು. ಇಬ್ಬರಿಗೂ ಒಂದೇ ವಾರದಲ್ಲಿ ಸೀತಾಳೆ ಸಿಡುಬು ಎದ್ದು, ಒಂದೇ ಕೋಣೆಯಲ್ಲಿ ಬೇವಿನ ಸೊಪ್ಪಿನ ಮಧ್ಯೆ ಮಲಗಿದ್ದೆವು. ಅವನು ಹೈಸ್ಕೂಲು ಮುಗಿಸುವವರೆಗೂ ನಾವು ಹೀಗೆಯೇ ಇದ್ದವರು.

ಈಗ ಮನೆಯ ಹಿರಿಯರು ನಮ್ಮಿಬ್ಬರಿಗೆ ಮದುವೆ ಮಾಡಬೇಕೆಂದು ನಿಶ್ಚಯಿಸಿದ್ದಾರೆ. ವರಸೆ ಕೂಡಿಬರುತ್ತದೆ, ಕಣ್ಣೆದುರು ಬೆಳೆದ ಹುಡುಗ, ದುಶ್ಚಟಗಳಿಲ್ಲ, ತೋಟ ಹೊರಗಿನವರ ಪಾಲಾಗುವುದಿಲ್ಲ, ಅತ್ತೆಗೆ ಕೊನೆಗಾಲದಲ್ಲಿ ನೆಲೆಯಾಗುತ್ತದೆ. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಅವನ ಬಗ್ಗೆ ನನಗೆ ಗೌರವವಿದೆ, ಅಕ್ಕರೆಯೂ ಇದೆ. ಆದರೆ ಅವನನ್ನು ಗಂಡನೆಂದು ಕಲ್ಪಿಸಿಕೊಂಡ ಕೂಡಲೇ ಹೊಟ್ಟೆ ತೊಳಸಿದಂತಾಗುತ್ತದೆ. ಇದನ್ನು ಹೇಳಿದರೆ, ಓದಿದ್ದು ಹೆಚ್ಚಾಯಿತು, ಬೆಂಗಳೂರಿನಲ್ಲಿ ಯಾರನ್ನೋ ಇಷ್ಟಪಟ್ಟಿರಬೇಕು ಎನ್ನುತ್ತಾರೆ. ನಾನು ಯಾರನ್ನೂ ಇಷ್ಟಪಟ್ಟಿಲ್ಲ.

ಒಟ್ಟಿಗೆ ಬೆಳೆದವರಲ್ಲಿ ಆಕರ್ಷಣೆ ಹುಟ್ಟುವುದಿಲ್ಲವೆಂದು ವಿಕಾಸವಾದಿ ಮನೋವಿಜ್ಞಾನ, ಅಂದರೆ ನಮ್ಮ ಮನಸ್ಸಿನ ಒಲವುಗಳು ಜೀವವಿಕಾಸದಲ್ಲಿ ಹೇಗೆ ರೂಪುಗೊಂಡವೆಂದು ಹುಡುಕುವ ಶಾಸ್ತ್ರ, ಹೇಳುತ್ತದೆಂದು ಎಲ್ಲೋ ಓದಿದ ನೆನಪು. ಅದು ನಿಜವಾಗಿದ್ದರೆ, ಅತ್ತೆಯ ಮಗ, ಮಾವನ ಮಗಳು ಎಂದು ತಲೆತಲಾಂತರದಿಂದ ಮದುವೆ ಮಾಡಿಕೊಂಡು ಬಂದಿರುವ ನಮ್ಮ ನಾಡಿನ ಪದ್ಧತಿಗೆ ಏನು ಅರ್ಥ? ಮದುವೆಯಾದ ಮೇಲೆ ಪ್ರೀತಿ ತಾನಾಗಿ ಬರುತ್ತದೆ ಎಂಬ ಹಿರಿಯರ ಮಾತು ನನ್ನ ವಿಷಯದಲ್ಲೂ ನಿಜವಾಗಬಹುದೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ‘ಹಳೆಯ ಪುಟ’

ನಾನು ಬಹಳ ವರ್ಷ ಮಾನವಶಾಸ್ತ್ರ ಪಾಠ ಮಾಡಿದವನು. ನಿಮ್ಮ ಪ್ರಶ್ನೆಯನ್ನು ಓದಿದಾಗ, ತರಗತಿಯಲ್ಲಿ ಯಾರೋ ತೈವಾನಿನ ಉದಾಹರಣೆಯನ್ನು ನಮ್ಮ ಜಗಲಿಗೇ ತಂದು ಕೂರಿಸಿದಂತೆ ಅನಿಸಿತು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಈ ವಿಚಾರವನ್ನು ಮೊದಲು ಸ್ಪಷ್ಟವಾಗಿ ಮಂಡಿಸಿದವರು ಫಿನ್ಲೆಂಡಿನ ಸಮಾಜಶಾಸ್ತ್ರಜ್ಞ ಎಡ್ವರ್ಡ್ ವೆಸ್ಟರ್‌ಮಾರ್ಕ್. ಮಾನವ ವಿವಾಹದ ಇತಿಹಾಸವನ್ನು ಕುರಿತು 1891ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು, ಎಳೆವಯಸ್ಸಿನಿಂದ ತೀರ ಹತ್ತಿರದಲ್ಲಿ ಬೆಳೆದವರ ನಡುವೆ, ರಕ್ತಸಂಬಂಧ ಇರಲಿ ಇಲ್ಲದಿರಲಿ, ದೊಡ್ಡವರಾದ ಮೇಲೆ ಲೈಂಗಿಕ ಸೆಳೆತ ಹುಟ್ಟುವುದಿಲ್ಲ, ಬದಲಿಗೆ ಅದರ ಯೋಚನೆಯೇ ಹೇಸಿಗೆ ತರಿಸುತ್ತದೆ ಎಂದರು. ಇದರ ಹಿಂದಿನ ತರ್ಕ ಸರಳ. ಒಡಹುಟ್ಟಿದವರು ಕೂಡಿದರೆ ಹುಟ್ಟುವ ಮಕ್ಕಳಿಗೆ ರೋಗರುಜಿನಗಳ ಅಪಾಯ ಹೆಚ್ಚು; ಆದರೆ ನಮ್ಮ ಪೂರ್ವಜರಿಗೆ ರಕ್ತವನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಒಂದೇ ಒಲೆಯ ಸುತ್ತ, ಒಂದೇ ಮಡಿಲಲ್ಲಿ ಬೆಳೆದವರು ಬಹುಪಾಲು ಒಡಹುಟ್ಟಿದವರೇ ಆಗಿರುತ್ತಿದ್ದುದರಿಂದ, ಬಾಲ್ಯದ ಒಡನಾಟವನ್ನೇ ಗುರುತಾಗಿ ಹಿಡಿದು ಸೆಳೆತವನ್ನು ತಡೆಯುವ ಮನಸ್ಸು ಉಳ್ಳವರ ಸಂತತಿ ಹೆಚ್ಚು ಉಳಿಯಿತು. ಆದರೆ ಯಾರೂ ಬಯಸದ್ದನ್ನು ಸಮಾಜವೇಕೆ ನಿಷೇಧಿಸಬೇಕು, ಬೆಂಕಿಗೆ ಕೈ ಹಾಕಬೇಡಿ ಎಂದು ಕಾನೂನು ಮಾಡುವವರುಂಟೇ ಎಂದು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ 1910ರಲ್ಲಿ ಕೇಳಿದರು. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಆ ಆಕ್ಷೇಪವನ್ನು ಎತ್ತಿಹಿಡಿದರು. ಹೀಗಾಗಿ ವೆಸ್ಟರ್‌ಮಾರ್ಕ್ ಹಲವು ದಶಕ ಮೂಲೆಗೆ ಸರಿದರು.

ಅವರನ್ನು ಮತ್ತೆ ಮುನ್ನೆಲೆಗೆ ತಂದದ್ದು ಆರ್ಥರ್ ವೂಲ್ಫ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಉತ್ತರ ತೈವಾನಿನಲ್ಲಿ ಮಾಡಿದ ಕೆಲಸ. ಅಲ್ಲಿನ ಬಡ ಕುಟುಂಬಗಳಲ್ಲಿ ಎಳೆಯ ಹೆಣ್ಣುಮಗುವನ್ನು ತಂದು, ತಮ್ಮ ಮಗನೊಂದಿಗೆ ಸಾಕಿ, ಇಬ್ಬರೂ ಪ್ರಾಯಕ್ಕೆ ಬಂದ ಮೇಲೆ ಅವರಿಗೇ ಮದುವೆ ಮಾಡುವ ಪದ್ಧತಿಯಿತ್ತು. ಆ ಹುಡುಗಿಯನ್ನು ‘ಸಿಮ್‌ಪುವಾ’, ಅಂದರೆ ಪುಟ್ಟ ಸೊಸೆ, ಎಂದು ಕರೆಯುತ್ತಿದ್ದರು. ತೈವಾನನ್ನು ಆಳುತ್ತಿದ್ದ ಜಪಾನೀಯರು ಮನೆಮನೆಯ ಜನನ, ಮರಣ, ವಿವಾಹ, ವಿಚ್ಛೇದನಗಳನ್ನು ದಾಖಲಿಸಿ ಇಟ್ಟಿದ್ದರು. ವೂಲ್ಫ್ ಆ ದಫ್ತರಗಳನ್ನು ಹಿಡಿದು 14,000ಕ್ಕೂ ಹೆಚ್ಚು ಹೆಂಗಸರ ವೈವಾಹಿಕ ಬದುಕನ್ನು ಲೆಕ್ಕ ಹಾಕಿದರು. ದೊಡ್ಡವರಾದ ಮೇಲೆ ಪರಿಚಯವಿಲ್ಲದೆ ಮದುವೆಯಾದವರಿಗಿಂತ, ಒಟ್ಟಿಗೆ ಬೆಳೆದು ಮದುವೆಯಾದವರಲ್ಲಿ ವಿಚ್ಛೇದನ ಹೆಚ್ಚು, ಮಕ್ಕಳು ಕಡಿಮೆ. ಬಡತನವೇ ಕಾರಣವಿರಬಹುದೆಂದು ನೀವು ಕೇಳಬಹುದು. ಆದರೆ ಹುಡುಗಿ ಮೂರು ವರ್ಷ ತುಂಬುವ ಮೊದಲೇ ಆ ಮನೆಗೆ ಬಂದಿದ್ದರೆ ಪರಿಣಾಮ ತೀವ್ರವಾಗಿತ್ತು, ಆ ವಯಸ್ಸು ದಾಟಿ ಬಂದಿದ್ದರೆ ಅಷ್ಟಿರಲಿಲ್ಲ. ಬಡತನ ಇಬ್ಬರಿಗೂ ಒಂದೇ, ಬೇರೆಯಾಗಿದ್ದುದು ಒಡನಾಟ ಶುರುವಾದ ವಯಸ್ಸು. ಒಬ್ಬ ಮುದುಕ ವೂಲ್ಫ್ ಅವರಿಗೆ ಹೇಳಿದ ಸಂಗತಿಯನ್ನು ನಾನು ಮರೆಯಲಾರೆ: ಪ್ರಸ್ತದ ರಾತ್ರಿ ಗಂಡುಹೆಣ್ಣು ಇಬ್ಬರೂ ಕೋಣೆಯಿಂದ ಓಡಿಹೋಗದಂತೆ ಆತ ಕೋಲು ಹಿಡಿದು ಬಾಗಿಲ ಹೊರಗೆ ನಿಲ್ಲಬೇಕಾಯಿತಂತೆ.

ಈಗ ನಮ್ಮ ನಾಡಿಗೆ ಬರೋಣ. ಸೋದರಮಾವನ ಮಗಳನ್ನು ಮತ್ತು ಸೋದರತ್ತೆಯ ಮಗಳನ್ನು ಮದುವೆಯಾಗುವುದು ದಕ್ಷಿಣದವರ ವಿಶಿಷ್ಟ ಆಚಾರವೆಂದು ಬೌಧಾಯನ ಧರ್ಮಸೂತ್ರವೇ ಹೇಳುತ್ತದೆ. ಅಂದರೆ ಪದ್ಧತಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಅದು ನಮ್ಮ ನುಡಿಯಲ್ಲೇ ಹುದುಗಿದೆ. ಗಂಡನ ತಾಯಿಯೂ ಅತ್ತೆ, ತಂದೆಯ ಅಕ್ಕತಂಗಿಯರೂ ಅತ್ತೆ. ಅಳಿಯನೆಂದರೆ ಮಗಳ ಗಂಡ, ಅಕ್ಕನ ಮಗನೂ ಅಳಿಯನೇ. ಸೊಸೆ ಎಂಬ ಪದಕ್ಕೂ ಇದೇ ಕಥೆ. ಆದರೆ ಚಿಕ್ಕಪ್ಪ, ದೊಡ್ಡಪ್ಪಂದಿರ ಮಕ್ಕಳು ಅಣ್ಣತಂಗಿಯರು, ಅವರೊಂದಿಗೆ ಮದುವೆಯ ಮಾತೇ ಇಲ್ಲ. ಈ ವಿಂಗಡಣೆಯನ್ನು ಮನೆಯ ನಕ್ಷೆಯ ಮೇಲೆ ಇಟ್ಟು ನೋಡಿ. ಕೂಡುಕುಟುಂಬದಲ್ಲಿ ಅಣ್ಣತಮ್ಮಂದಿರ ಮಕ್ಕಳು ಒಂದೇ ನಡುಮನೆಯಲ್ಲಿ ಸಾಲಾಗಿ ಮಲಗಿ ಬೆಳೆಯುತ್ತಾರೆ. ಮನೆಯ ಮಗಳು ಮಾತ್ರ ಗಂಡನ ಊರಿಗೆ ಹೋಗುತ್ತಾಳೆ, ಅವಳ ಮಕ್ಕಳು ಅಜ್ಜಿಯ ಮನೆಗೆ ಜಾತ್ರೆಗೋ ಬೇಸಿಗೆ ರಜೆಗೋ ಬಂದುಹೋಗುವವರು. ಮದುವೆಗೆ ವರಸೆಯಾಗುವವರು ಸಾಮಾನ್ಯವಾಗಿ ಬೇರೆ ಮನೆಯಲ್ಲಿ ಬೆಳೆದವರಾಗಿರುತ್ತಿದ್ದರು. ಹೀಗಾಗಿ ಪದ್ಧತಿಗೂ ಮನಸ್ಸಿನ ಈ ತಡೆಗೂ ಡಿಕ್ಕಿಯಾಗುವ ಪ್ರಸಂಗ ಹೆಚ್ಚಾಗಿ ಬರಲಿಲ್ಲವೆಂದು ನಾನು ತಿಳಿಯುತ್ತೇನೆ.

ನಿಮ್ಮ ಮನೆಯಲ್ಲಿ ಅತ್ತೆ ತವರಿಗೆ ಮರಳಿದರು. ಹುಡುಗನ ಮನೆ ಬದಲಾಯಿತು, ವರಸೆ ಬದಲಾಗಲಿಲ್ಲ. ಹಿರಿಯರು ವರಸೆಯನ್ನು ನೋಡುತ್ತಿದ್ದಾರೆ. ನಿಮ್ಮೊಳಗೆ ಅಡ್ಡ ಬರುತ್ತಿರುವುದು ಜಗಲಿಯ ಆ ಒಂದೇ ತಟ್ಟೆ.

ಉತ್ತರ: ‘ಸಂಶಯಿ’

‘ಹಳೆಯ ಪುಟ’ ಅವರ ವಿವರಣೆಯನ್ನು ಗೌರವದಿಂದ ಓದಿದೆ. ಆದರೂ ವಿಕಾಸವಾದಿ ಮನೋವಿಜ್ಞಾನದ ಹೆಸರಿನಲ್ಲಿ ಬರುವ ಎಲ್ಲವನ್ನೂ ಹೀಗೆ ಸಲೀಸಾಗಿ ಒಪ್ಪಿಕೊಳ್ಳುವುದು ಸರಿಯಲ್ಲವೆಂದು ನನಗೆ ಬಲವಾಗಿ ಅನಿಸುತ್ತದೆ, ಏಕೆಂದರೆ ಈ ಕ್ಷೇತ್ರ ಹಿಂದೆಯೂ ಅವಸರಪಟ್ಟಿದೆ. ಹೆಣ್ಣಿನ ಸೊಂಟಕ್ಕೂ ನಿತಂಬಕ್ಕೂ 0.7ರ ಅನುಪಾತವಿದ್ದರೆ ಗಂಡಸರಿಗೆ ಅತ್ಯಂತ ಆಕರ್ಷಕವೆಂದು ಟೆಕ್ಸಸ್ ವಿಶ್ವವಿದ್ಯಾಲಯದ ದೇವೇಂದ್ರ ಸಿಂಗ್ 1993ರಲ್ಲಿ ತೋರಿಸಿದಾಗ, ಅದು ಇಡೀ ಮನುಷ್ಯಕುಲಕ್ಕೆ ಸೇರಿದ ಅಭಿರುಚಿಯೆಂದು ಎಲ್ಲೆಡೆ ಪ್ರಚಾರವಾಯಿತು. 1998ರಲ್ಲಿ ಪೆರುವಿನ ಕಾಡಿನ ಮತ್ಸಿಗೆಂಕಾ ಜನರ ನಡುವೆ ಅದನ್ನೇ ಪರೀಕ್ಷಿಸಿದಾಗ, ಹೊರಜಗತ್ತಿನ ಸಂಪರ್ಕ ತೀರ ಕಡಿಮೆಯಿದ್ದ ಹಳ್ಳಿಯ ಗಂಡಸರು ಅಂಥ ಸಣ್ಣ ಸೊಂಟವನ್ನು ಮೆಚ್ಚಲೇ ಇಲ್ಲ.

ಒಟ್ಟಿಗೆ ಬೆಳೆಯುವ ವಿಚಾರಕ್ಕೆ ಸಾಮಾನ್ಯವಾಗಿ ಕೊಡುವ ಇನ್ನೊಂದು ಸಾಕ್ಷ್ಯ ಇಸ್ರೇಲಿನ ಕಿಬ್ಬುತ್ಸ್‌ಗಳದು, ಅಂದರೆ ಎಲ್ಲರೂ ಕೂಡಿ ದುಡಿದು ಬಾಳುವ ಸಾಮೂಹಿಕ ವಸಾಹತುಗಳದು. ಅಲ್ಲಿ ಮಕ್ಕಳನ್ನು ತಂದೆತಾಯಿಯರಿಂದ ಬೇರೆಯಾಗಿ, ಓರಗೆಯವರ ಗುಂಪಿನಲ್ಲಿ ಸಾಕುತ್ತಿದ್ದರು. ಜೋಸೆಫ್ ಶೆಫರ್ 1971ರಲ್ಲಿ 2,769 ಮದುವೆಗಳನ್ನು ಪರಿಶೀಲಿಸಿ, ಮೊದಲ ಆರು ವರ್ಷ ಎಡೆಬಿಡದೆ ಒಂದೇ ಗುಂಪಿನಲ್ಲಿ ಬೆಳೆದವರ ನಡುವೆ ಒಂದೂ ಮದುವೆಯಾಗಿಲ್ಲವೆಂದರು. ಆದರೆ 2009ರಲ್ಲಿ ಎರಾನ್ ಶೋರ್ ಮತ್ತು ದಾಲಿತ್ ಸಿಮ್ಖಾಯ್ ಹಾಗೆ ಬೆಳೆದವರನ್ನೇ ಕೂರಿಸಿಕೊಂಡು ಮಾತಾಡಿಸಿದಾಗ, ಅವರಲ್ಲಿ ಅನೇಕರು ಹೇಸಿಗೆಯ ಮಾತೇ ಆಡಲಿಲ್ಲ. ಗುಂಪಿನ ಕೆಲವರ ಬಗ್ಗೆ ಸೆಳೆತವಿತ್ತೆಂದು ಒಪ್ಪಿಕೊಂಡವರೂ ಇದ್ದರು. ಮದುವೆಯಾಗದಿರುವುದು ಬೇರೆ, ಆಸೆ ಹುಟ್ಟದಿರುವುದು ಬೇರೆ ಎಂಬುದನ್ನು ಗಮನಿಸಬೇಕು.

ನಮ್ಮಲ್ಲೇ ಇರುವ ಒಂದು ಸಂಗತಿ ಈ ಸಿದ್ಧಾಂತಕ್ಕೆ ಇನ್ನೂ ದೊಡ್ಡ ತೊಡಕು. ದೊಡ್ಡಮ್ಮ, ಚಿಕ್ಕಮ್ಮಂದಿರ ಮಕ್ಕಳು ನಮ್ಮೊಂದಿಗೆ ಬೆಳೆದವರಲ್ಲ. ಅಕ್ಕತಂಗಿಯರು ಮದುವೆಯಾಗಿ ಬೇರೆಬೇರೆ ಊರಿಗೆ ಹೋಗಿರುತ್ತಾರೆ. ನನ್ನ ದೊಡ್ಡಮ್ಮನ ಮಗಳನ್ನು ನಾನು ಮೊದಲು ನೋಡಿದ್ದು ನನಗೆ ಹದಿನಾರು ವರ್ಷವಾದಾಗ. ಆದರೂ ಅವಳನ್ನು ‘ಅಕ್ಕ’ ಎಂದು ಕರೆದ ಕ್ಷಣದಿಂದ ಬೇರೆ ಯೋಚನೆ ಮನಸ್ಸಿನ ಹತ್ತಿರ ಸುಳಿದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣದೆ, ಕೇವಲ ಒಂದು ಪದ ಇಷ್ಟು ಕೆಲಸ ಮಾಡಬಲ್ಲದಾದರೆ, ಜೀವವಿಕಾಸಕ್ಕಿಂತ ಸಂಸ್ಕಾರದ ಪಾಲೇ ಹಿರಿದೆಂದು ಏಕೆ ಹೇಳಬಾರದು?

ಉತ್ತರ: ‘ಹೇಮಾವತಿ ದಡ’

ನಾನು ಸಿದ್ಧಾಂತ ಬಲ್ಲವಳಲ್ಲ, ನನ್ನ ಅನುಭವವನ್ನಷ್ಟೇ ಹೇಳುತ್ತೇನೆ. ನನ್ನ ಗಂಡ ನನ್ನ ಸೋದರಮಾವನ ಮಗ, ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಅವರು ಸಕಲೇಶಪುರದಲ್ಲಿ ಬೆಳೆದರು, ನಾನು ದಾವಣಗೆರೆಯಲ್ಲಿ. ವರ್ಷಕ್ಕೊಮ್ಮೆ ಅಜ್ಜಿಯ ಮನೆಯಲ್ಲಿ ಒಂದು ವಾರ ಸೇರುತ್ತಿದ್ದೆವು. ನಾನು ಪಿಯುಸಿಗೆ ಬಂದ ವರ್ಷ ಅವರು ಬರುತ್ತಾರೆಂದು ತಿಳಿದರೆ ಎರಡು ದಿನ ಮೊದಲೇ ಯಾವ ಲಂಗ ಉಡಬೇಕೆಂದು ಯೋಚಿಸುತ್ತಿದ್ದೆ. ನನಗೆ ಅವರು ಒಮ್ಮೆಯೂ ಅಣ್ಣನಂತೆ ಕಂಡವರಲ್ಲ. ಆದ್ದರಿಂದ ಅತ್ತೆಮಾವನ ಮಕ್ಕಳೆಂಬ ಕಾರಣಕ್ಕೇ ಮನಸ್ಸು ಒಪ್ಪುವುದಿಲ್ಲ ಎಂದು ಯಾರೂ ತಿಳಿಯಬಾರದು. ಆದರೆ ನಮ್ಮ ಮನೆಯಲ್ಲೇ ಓದಲು ಬಂದು ನಾಲ್ಕನೇ ವರ್ಷದಿಂದ ಇದ್ದ ಇವರ ತಮ್ಮನನ್ನು ಮದುವೆಯಾಗು ಎಂದಿದ್ದರೆ ನಾನು ಬಾವಿಗೆ ಹಾರುತ್ತಿದ್ದೆನೋ ಏನೋ. ಇಬ್ಬರೂ ಒಂದೇ ತಾಯಿಯ ಮಕ್ಕಳು, ನನಗೆ ಒಂದೇ ವರಸೆ. ಈ ವ್ಯತ್ಯಾಸ ಏಕೆ ಎಂದು ಇಂದು ಇಲ್ಲಿ ಓದಿದ ಮೇಲೆ ಅರ್ಥವಾಯಿತು. ತಂಗಿ, ನೀವು ಹೇಳುತ್ತಿರುವುದು ಸೊಕ್ಕಿನ ಮಾತಲ್ಲ.

ಉತ್ತರ: ‘ಹಳೆಯ ಪುಟ’

‘ಸಂಶಯಿ’ ಅವರ ಆಕ್ಷೇಪ ಗಟ್ಟಿಯಾದದ್ದು. ಕಿಬ್ಬುತ್ಸಿನ ಸಾಕ್ಷ್ಯ ಮೊದಲು ಅಂದುಕೊಂಡಷ್ಟು ಬಲವಾಗಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ದೊಡ್ಡಮ್ಮನ ಮಕ್ಕಳ ಉದಾಹರಣೆ ಅದಕ್ಕಿಂತಲೂ ಒಳ್ಳೆಯದು, ನಾನು ಮೊದಲೇ ಹೇಳಬೇಕಿತ್ತು. ಪದವೂ ತಡೆಯನ್ನು ಕಟ್ಟಬಲ್ಲದು.

ಆದರೆ ಎರಡು ಬಗೆಯ ಸಾಕ್ಷ್ಯಗಳನ್ನು ಬೇರೆಮಾಡಿ ನೋಡಬೇಕು. ಸಮಾಜ ಬೇಡವೆನ್ನುವ ಕಡೆ ಮನಸ್ಸೂ ಬೇಡವೆಂದರೆ, ಅದು ಸಂಸ್ಕಾರದ ಕೆಲಸವೋ ಹುಟ್ಟುಗುಣವೋ ಎಂದು ಬಿಡಿಸಿ ಹೇಳಲಾಗುವುದಿಲ್ಲ. ಸಮಾಜ ಬೇಕು ಎಂದು ಒತ್ತಾಯಿಸುವ ಕಡೆಯಲ್ಲೂ ಮನಸ್ಸು ಬೇಡವೆಂದರೆ ಮಾತ್ರ ನಮಗೆ ನಿಜವಾದ ಪರೀಕ್ಷೆ ಸಿಗುತ್ತದೆ. ತೈವಾನಿನಲ್ಲಿ ಆ ಹುಡುಗಿಯನ್ನು ಮನೆಗೆ ತಂದ ದಿನದಿಂದಲೂ ಇವಳು ನಿನ್ನ ಹೆಂಡತಿಯೆಂದೇ ಹುಡುಗನಿಗೆ ಹೇಳುತ್ತಿದ್ದರು. ಪದ, ಪದ್ಧತಿ, ಆ ಮುದುಕನ ಕೋಲು ಎಲ್ಲವೂ ಮದುವೆಯ ಪರವಾಗಿದ್ದವು. ಲೆಬನಾನಿನ ಒಂದು ಹಳ್ಳಿಯಲ್ಲಿ ಜಸ್ಟೀನ್ ಮೆಕ್‌ಕೇಬ್ 1983ರಲ್ಲಿ ವರದಿ ಮಾಡಿದ್ದೂ ಇಂಥದ್ದೇ. ಅಲ್ಲಿ ಚಿಕ್ಕಪ್ಪ, ದೊಡ್ಡಪ್ಪನ ಮಗಳನ್ನು ತರುವುದೇ ಶ್ರೇಷ್ಠ ಸಂಬಂಧ. ಅಣ್ಣತಮ್ಮಂದಿರ ಮನೆಗಳು ಅಕ್ಕಪಕ್ಕದಲ್ಲಿದ್ದು ಮಕ್ಕಳು ದಿನವಿಡೀ ಒಟ್ಟಿಗಿರುತ್ತಿದ್ದರು. ಅಂಥ ಮದುವೆಗಳಲ್ಲಿ ವಿಚ್ಛೇದನ ಇತರ ಮದುವೆಗಳ ನಾಲ್ಕು ಪಟ್ಟು ಇತ್ತು, ಮಕ್ಕಳೂ ಕಡಿಮೆ. ‘ತೋಟದಮನೆ’ಯವರದು, ‘ಹೇಮಾವತಿ ದಡ’ದವರ ಮೈದುನನದು ಇದೇ ಗುಂಪಿಗೆ ಸೇರುತ್ತವೆ. ವರಸೆ ಹೌದೆನ್ನುತ್ತದೆ, ಒಳಗಿನದು ಒಲ್ಲೆನ್ನುತ್ತದೆ. ಇಂಥ ಕಡೆ ಸಂಸ್ಕಾರವನ್ನು ಕಾರಣವೆಂದು ತೋರಿಸುವುದು ಕಷ್ಟ.

ಮದುವೆಯಾದ ಮೇಲೆ ಪ್ರೀತಿ ಬರುತ್ತದೆಯೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆಯೆಂದು ನನ್ನ ಭಾವನೆ. ಬೇಕಾದ ಗುಣಗಳೆಲ್ಲ ಇದ್ದು ಪ್ರೀತಿ ಮಾತ್ರ ಇಲ್ಲದಿದ್ದರೆ ಮದುವೆಯಾಗುತ್ತೀರಾ ಎಂದು ರಾಬರ್ಟ್ ಲೆವಿನ್ ಮತ್ತು ಸಂಗಡಿಗರು 11 ದೇಶಗಳ ವಿದ್ಯಾರ್ಥಿಗಳನ್ನು ಕೇಳಿ 1995ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ ಆಗುತ್ತೇವೆ ಎಂದವರು ಬೆರಳೆಣಿಕೆಯಷ್ಟು, ಭಾರತದಲ್ಲಿ ಸುಮಾರು ಅರ್ಧದಷ್ಟು. ನಮ್ಮ ಅರ್ಧ ಜನ ತಪ್ಪು ತಿಳಿದಿದ್ದಾರೆಂದು ನಾನು ಹೇಳಲಾರೆ. ಉಪ್ಪಿಟ್ಟು, ಕಾಫಿ ಕೊಟ್ಟ ಅರ್ಧ ಗಂಟೆಯ ಪರಿಚಯದಿಂದ ಶುರುವಾಗಿ ಗಾಢವಾದ ಪ್ರೀತಿಗೆ ಬೆಳೆದ ದಾಂಪತ್ಯಗಳು ನಮ್ಮ ಸುತ್ತಲೂ ಇವೆ. ಆದರೆ ಅಲ್ಲಿ ಇಬ್ಬರೂ ಅಪರಿಚಿತರು. ಅವರ ಮನಸ್ಸಿನ ಹಲಗೆಯ ಮೇಲೆ ಆ ಇನ್ನೊಬ್ಬರ ಬಗ್ಗೆ ಏನೂ ಬರೆದಿರುವುದಿಲ್ಲ, ಆದ್ದರಿಂದ ಪ್ರೀತಿಯನ್ನು ಬರೆಯಲು ಜಾಗವಿರುತ್ತದೆ. ನಿಮ್ಮ ಹಲಗೆಯ ಮೇಲೆ ಇಪ್ಪತ್ತು ವರ್ಷದ ಹಿಂದೆಯೇ ಅಣ್ಣ ಎಂದು ಬರೆದಾಗಿದೆ. ಇನ್ನೂ ಹುಟ್ಟದ ಆಸೆಗೆ ಕಾಯಬಹುದು, ಹುಟ್ಟಿ ಬೇರೂರಿದ ಹೇಸಿಗೆ ಕಾದಷ್ಟೂ ಕರಗುತ್ತದೆಂದು ಹೇಳಲು ತೈವಾನಿನ ದಫ್ತರಗಳು ಬಿಡುವುದಿಲ್ಲ. ಹಿರಿಯರು ಈ ಎರಡನ್ನೂ ಒಂದೇ ಎಂದು ತಿಳಿದು, ಒಂದರ ಮದ್ದನ್ನು ಇನ್ನೊಂದಕ್ಕೆ ಹೇಳುತ್ತಿದ್ದಾರೆ.

ಅವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ತಂದೆತಾಯಿಯ ಹಿತವೂ ಮಕ್ಕಳ ಹಿತವೂ ಪೂರ್ತಿ ಒಂದೇ ಆಗಿರುವುದಿಲ್ಲವೆಂದು ಜೀವವಿಕಾಸವನ್ನು ಅಧ್ಯಯನ ಮಾಡಿದ ರಾಬರ್ಟ್ ಟ್ರಿವರ್ಸ್ 1974ರಲ್ಲಿ ವಿವರಿಸಿದ್ದರು. ಅದೇ ದಾರಿಯಲ್ಲಿ ನಡೆದ ಮುಂದಿನ ಅಧ್ಯಯನಗಳಲ್ಲಿ, ಸಂಗಾತಿಯ ಮನೆತನ, ಕುಲ, ಹಿನ್ನೆಲೆ ಸರಿಯಿಲ್ಲದಿದ್ದರೆ ಹೆಚ್ಚು ಅಸಮಾಧಾನ ತಂದೆತಾಯಿಗೆ, ಸಂಗಾತಿಯ ರೂಪವೋ ಮೈವಾಸನೆಯೋ ಹಿಡಿಸದಿದ್ದರೆ ಹೆಚ್ಚು ಅಸಮಾಧಾನ ಮಕ್ಕಳಿಗೆ ಎಂದು ಕಂಡುಬಂತು. ತೋಟ ಒಡೆಯದಿರುವುದು, ಅತ್ತೆಗೆ ನೆಲೆಯಾಗುವುದು ಹಿರಿಯರ ಕಣ್ಣಿಗೆ ದೊಡ್ಡದಾಗಿ ಕಾಣುವುದು ಸಹಜ. ಆ ಗಂಡನೊಂದಿಗೆ ಬಾಳಬೇಕಾದವರು ಅವರಲ್ಲವಾದ್ದರಿಂದ ಹೇಸಿಗೆ ಅವರಿಗೆ ಕಾಣುವುದಿಲ್ಲ.

ಉತ್ತರ: ‘ಮೈಸೂರು ವೈದ್ಯೆ’

ನಾನು ಮಕ್ಕಳ ವೈದ್ಯೆ. ಇಲ್ಲಿಯವರೆಗೆ ಮನಸ್ಸಿನ ಮಾತಾಯಿತು, ವಂಶವಾಹಿಗಳ ಲೆಕ್ಕವನ್ನೂ ಸೇರಿಸುವುದು ಅಗತ್ಯ. ಇದರಲ್ಲಿ ಹೆದರಿಸುವವರೂ ಇದ್ದಾರೆ, ಏನೂ ಇಲ್ಲವೆನ್ನುವವರೂ ಇದ್ದಾರೆ. ಇಬ್ಬರ ಮಾತಿನಿಂದಲೂ ನನ್ನ ಬಳಿ ಬರುವ ಕುಟುಂಬಗಳು ತೊಂದರೆಪಟ್ಟಿವೆ.

ನಮ್ಮೆಲ್ಲರಲ್ಲೂ ಒಂದಷ್ಟು ದೋಷಯುಕ್ತ ವಂಶವಾಹಿಗಳು ಸದ್ದಿಲ್ಲದೆ ಇರುತ್ತವೆ, ಜೊತೆಯ ಪ್ರತಿ ಸರಿಯಿರುವುದರಿಂದ ಕಾಯಿಲೆ ತೋರುವುದಿಲ್ಲ. ಗಂಡಹೆಂಡಿರಿಬ್ಬರಲ್ಲೂ ಅದೇ ದೋಷವಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬ ಅಜ್ಜ, ಒಬ್ಬ ಅಜ್ಜಿಯಿಂದ ಇಳಿದುಬಂದವರಲ್ಲಿ ಅದೇ ದೋಷ ಇಬ್ಬರಿಗೂ ಬಂದಿರುವ ಸಂಭವ ಹೆಚ್ಚು. ಅತ್ತೆಮಾವನ ಮಕ್ಕಳು ಮದುವೆಯಾದರೆ ಮಗುವಿನ ವಂಶವಾಹಿಗಳಲ್ಲಿ ಸರಾಸರಿ ಹದಿನಾರರಲ್ಲಿ ಒಂದು ಪಾಲಿನಲ್ಲಿ ಎರಡೂ ಪ್ರತಿಗಳು ಒಂದೇ ಮೂಲದಿಂದ ಬಂದಿರುತ್ತವೆ. ಅಕ್ಕನ ಮಗಳನ್ನು ಮದುವೆಯಾದರೆ ಅದು ಎಂಟರಲ್ಲಿ ಒಂದು. ತಲೆಮಾರುಗಳಿಂದ ಮನೆಯೊಳಗೇ ಸಂಬಂಧ ಬೆಳೆಸಿದ್ದರೆ ಇನ್ನೂ ಹೆಚ್ಚು. ಅನುವಂಶೀಯ ಸಲಹೆಗಾರರು 2002ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಎಲ್ಲ ದಂಪತಿಗಳಿಗೂ ಇರುವ ಅಪಾಯದ ಮೇಲೆ ಇಂಥ ಸೋದರಸಂಬಂಧಿ ದಂಪತಿಗಳಿಗೆ ಶೇಕಡಾ 1.7ರಿಂದ 2.8ರಷ್ಟು ಹೆಚ್ಚುವರಿ ಅಪಾಯವಿದೆಯೆಂದು ಅಂದಾಜಿಸಿದರು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಒಂದು ಮಗುವಿಗೆ ಹುಟ್ಟುಕಿವುಡು ಇದೆಯೆಂದು ತಿಳಿದ ದಿನ, ಹೆಂಡತಿ ನನ್ನ ಅಕ್ಕನ ಮಗಳೇ ಎಂದು ತಂದೆ ನನ್ನ ಮುಖ ನೋಡುವಾಗ, ಆ ತಂದೆಗೆ ಶೇಕಡಾವಾರು ಲೆಕ್ಕದಿಂದ ಸಮಾಧಾನ ಸಿಗುವುದಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ 1980ರ ದಶಕದಲ್ಲಿ ನವಜಾತ ಶಿಶುಗಳ ತಪಾಸಣೆ ನಡೆದಾಗ ಸುಮಾರು ಮೂರನೇ ಒಂದು ಭಾಗದ ತಂದೆತಾಯಿಯರು ರಕ್ತಸಂಬಂಧಿಗಳಾಗಿದ್ದರು. ಈಗಲೂ ನಮ್ಮ ರಾಜ್ಯದಲ್ಲಿ ಇದು ಅಪರೂಪವಲ್ಲ.

ಇಷ್ಟು ಹೇಳಿದ ಮೇಲೆ, ಮನಸ್ಸಿನ ತಡೆ ವಂಶವಾಹಿಗಳನ್ನು ಎಣಿಸುವುದಿಲ್ಲವೆಂಬುದನ್ನೂ ಹೇಳಬೇಕು. ತೈವಾನಿನ ಆ ಹುಡುಗ, ಹುಡುಗಿಯರಲ್ಲಿ ರಕ್ತಸಂಬಂಧವೇ ಇರಲಿಲ್ಲ, ಆದರೂ ಹೇಸಿಗೆ ಹುಟ್ಟಿತು. ‘ಹೇಮಾವತಿ ದಡ’ದವರ ಗಂಡನೂ ಮೈದುನನೂ ಅವರಿಗೆ ರಕ್ತದಲ್ಲಿ ಸಮಾನ ದೂರ, ಮನಸ್ಸಿಗೆ ಮಾತ್ರ ಒಬ್ಬರು ದೂರ, ಒಬ್ಬರು ಹತ್ತಿರ. ಡೆಬ್ರಾ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಒಡಹುಟ್ಟಿದವರನ್ನು ಮನಸ್ಸು ಗುರುತಿಸುವ ಎರಡು ಸುಳಿವುಗಳನ್ನು ತೋರಿಸಿದರು. ದೊಡ್ಡ ಮಗು ತನ್ನ ತಾಯಿ ಆ ಹಸುಗೂಸಿಗೆ ಹಾಲೂಡಿಸುವುದನ್ನು ಕಣ್ಣಾರೆ ಕಾಣುವುದು ಒಂದು. ಚಿಕ್ಕ ಮಗುವಿಗೆ ಆ ನೋಟ ಸಿಗುವ ಹಾಗಿಲ್ಲವಾದ್ದರಿಂದ, ಎಷ್ಟು ವರ್ಷ ಒಂದೇ ಮನೆಯಲ್ಲಿ ಜೊತೆಗಿದ್ದರು ಎಂಬುದು ಅದಕ್ಕೆ ಸುಳಿವು. ‘ತೋಟದಮನೆ’ಯವರೇ, ನೀವು ಚಿಕ್ಕವರು, ಎರಡನೆಯ ಸುಳಿವು ನಿಮಗೆ ಪೂರ್ತಿ ಅನ್ವಯಿಸುತ್ತದೆ. ನಿಮ್ಮ ಅತ್ತೆಯ ಮಗನ ಮನಸ್ಸಿನಲ್ಲಿ ಏನಿದೆಯೆಂದು ಯಾರಾದರೂ ಕೇಳಿದ್ದಾರೆಯೇ?

ವೈದ್ಯೆಯಾಗಿ ಅಲ್ಲದೆ ಹೇಳಬೇಕಾದ ಇನ್ನೊಂದು ಮಾತಿದೆ. ನಿಮ್ಮ ನಿರಾಕರಣೆಗೆ ಜೀವವಿಕಾಸದ ಸಹಿ ಬೇಕಿಲ್ಲ. ಶೆಫರ್, ವೂಲ್ಫ್ ಇಬ್ಬರೂ ತಪ್ಪೆಂದು ನಾಳೆ ಸಾಬೀತಾದರೂ ನಿಮಗೆ ಇಷ್ಟವಿಲ್ಲದ ಮದುವೆ ಇಷ್ಟವಿಲ್ಲದ ಮದುವೆಯೇ. 1955ರ ಹಿಂದೂ ವಿವಾಹ ಕಾಯಿದೆ ರೂಢಿಯಿದ್ದ ಕಡೆ ಇಂಥ ಸಂಬಂಧಕ್ಕೆ ಅವಕಾಶ ಕೊಡುತ್ತದೆ. ಆದರೆ ಅವಕಾಶವಿದೆಯೆಂದರೆ ಆಗಲೇಬೇಕೆಂದು ಅರ್ಥವಲ್ಲ.

‘ತೋಟದಮನೆ’

ಎಲ್ಲರಿಗೂ ಕೈಮುಗಿದು ವಂದಿಸುತ್ತೇನೆ. ‘ಹಳೆಯ ಪುಟ’ ಅವರು ಪ್ರೀತಿ ಇನ್ನೂ ಹುಟ್ಟದಿರುವುದನ್ನೂ ಹೇಸಿಗೆ ಇರುವುದನ್ನೂ ಬೇರೆಮಾಡಿ ತೋರಿಸಿದ್ದು ನನಗೆ ಬಹಳ ದೊಡ್ಡ ಸಹಾಯವಾಯಿತು. ನಾನು ಮನೆಯವರ ಮುಂದೆ ಪ್ರತಿ ಸಲವೂ ನನಗೆ ಪ್ರೀತಿ ಇಲ್ಲ ಎನ್ನುತ್ತಿದ್ದೆ, ಅವರು ಪ್ರತಿ ಸಲವೂ ಆಮೇಲೆ ಬರುತ್ತದೆ ಎನ್ನುತ್ತಿದ್ದರು. ನಾನು ಆಡಿದ ಮಾತೇ ತಪ್ಪಾಗಿತ್ತು.

ವೈದ್ಯೆಯವರ ಪ್ರಶ್ನೆ ಓದಿದ ಮೇಲೆ ನಾಚಿಕೆಯಾಯಿತು, ಏಕೆಂದರೆ ಅವನನ್ನು ನಾನೂ ಕೇಳಿರಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ನೀನು ಹೂಂ ಎಂದುಬಿಟ್ಟರೆ ಏನು ಮಾಡುವುದೆಂದು ತಿಂಗಳಿಂದ ನಿದ್ದೆ ಮಾಡಿಲ್ಲ, ನಾನು ಒಲ್ಲೆನೆಂದರೆ ಮಾವ ಸಾಕಿದ ಋಣ ಮರೆತ ಎನ್ನುತ್ತಾರಲ್ಲ ಎಂದ. ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದ್ದೆವು.

ಈ ಭಾನುವಾರ ಇಬ್ಬರೂ ಊರಿಗೆ ಹೋಗುತ್ತಿದ್ದೇವೆ. ಅಪ್ಪನ ಹತ್ತಿರ ಹೋಗುವ ಮೊದಲು ಅತ್ತೆಯ ಬಳಿ ಮಾತಾಡಬೇಕೆಂದು ಇಬ್ಬರೂ ಒಪ್ಪಿದ್ದೇವೆ. ಮದುವೆಯಾಗಲಿ ಬಿಡಲಿ, ಅತ್ತೆಯ ಕೊನೆಗಾಲದ ಹೊಣೆ ನಮ್ಮಿಬ್ಬರದೂ ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದು. ಮನೆಯಲ್ಲಿ ಸಿದ್ಧಾಂತದ ಮಾತನ್ನು ಎತ್ತುವುದಿಲ್ಲ. ನಮ್ಮಿಬ್ಬರಿಗೂ ಒಂದೇ ತಟ್ಟೆಯಿಂದ ಉಣಿಸಿದವರು ಅವರೇ.